ಸಮುದ್ರಕ್ಕೊಬ್ಬ ಸಾಕ್ಷಿ

ಜಡೆಪ್ಪ ಬಾಯಿ ಮುಚ್ಚಿಕೊಂಡು ಚಹಾ ಕುಡಿದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಭಾನುವಾರ ಬೆಳಿಗ್ಗೆ ಬಳ್ಳಾರಿ ಕೌಲ್ ಬಜಾರಿನ ಕಟ್ಟೆಯ ಮೇಲೆ ನಾಲ್ಕು ಜನ ಕೂತದ್ದು ಕಂಡರೆ ಸಾಕು, ಆ ಪ್ರಾಣಿಗೆ ಸಮುದ್ರ ನೆನಪಾಗುತ್ತಿತ್ತು. ಎರಡನೇ ಮಹಾಯುದ್ಧ ಮುಗಿದ ಮರುವರ್ಷ, ಮಿಲಿಟರಿಯವರು ಹರಾಜು ಹಾಕಿದ ಮೋಟರ್ ಸೈಕಲ್ಲಿನಲ್ಲಿ ಇಬ್ಬರು ಗೆಳೆಯರ ಜೊತೆ ಕಾರವಾರದ ತನಕ ಹೋಗಿ ಬಂದಿದ್ದ. ಕುರುಗೋಡಿನ ಉಸ್ಮಾನಸಾಬ್ ಗಾಡಿ ಓಡಿಸಿದ್ದ, ಸಿರುಗುಪ್ಪದ ಉಚ್ಚೆಂಗೆಪ್ಪ ಹಿಂದೆ ಕೂತಿದ್ದ, ಜಡೆಪ್ಪ ಗಾಡಿಯ ಪಕ್ಕಕ್ಕೆ ಜೋಡಿಸಿದ ಒಂಟಿ ಚಕ್ರದ ತೊಟ್ಟಿಯಲ್ಲಿ. ನಲವತ್ತು ವರ್ಷದ ಬದುಕಿನಲ್ಲಿ ಅವನಿಗೆ ಆದ ಒಳ್ಳೆಯದು ಅಂದರೆ ಅದೊಂದೇ. ಮದುವೆ ಆಗಲಿಲ್ಲ, ಹತ್ತಿ ಮಿಲ್ಲಿನ ಗುಮಾಸ್ತಿಕೆಯಲ್ಲಿ ಬಡ್ತಿ ಸಿಗಲಿಲ್ಲ, ಗೆಳೆಯರಿಬ್ಬರೂ ತಮ್ಮ ತಮ್ಮ ಊರು ಹಿಡಿದರು. ಆರು ವರ್ಷದಿಂದ ಅವನ ಬಾಗಿಲು ತಟ್ಟಿದವಳೆಂದರೆ ಹಾಲಿನವಳೊಬ್ಬಳೇ.

“ಆ ಸಮುದ್ರದಾಗ...” ಎಂದು ಅವನು ಶುರು ಮಾಡಿದ್ದೇ ತಡ, ಎದುರುಮನೆಯ ಸುಂಕಪ್ಪ ಕೈ ಅಡ್ಡ ಹಿಡಿದ.

“ಸಾಕು ಬಿಡಪಾ! ಕೇಳಿ ಕೇಳಿ ನಮ್ಮ ಕಿವ್ಯಾಗ ಉಪ್ಪು ಕುಂತೈತಿ. ಗೆಳ್ಯಾರು ಗೆಳ್ಯಾರು ಅಂತೀದಿ, ಒಬ್ಬನಾರ ನಿನ್ನ ಮನಿಗಿ ಬಂದಾನೇನು? ಇದ್ದರಲ್ಲೇನು ಬರಾಕ?”

ಕಟ್ಟೆಗೆ ಕಟ್ಟೆಯೇ ನಕ್ಕಿತು. ಪಕ್ಕದ ಮನೆಯ ಪಾರಮ್ಮ ಕೂಡ ಕಸಬರಿಗೆ ಹಿಡಿದುಕೊಂಡೇ ನಕ್ಕಳು. ಸಮುದ್ರ ಸುಳ್ಳು ಅಂದಿದ್ದರೆ ಜಡೆಪ್ಪ ತಡೆದುಕೊಳ್ಳುತ್ತಿದ್ದ. ಗೆಳೆಯರೇ ಇಲ್ಲ ಅಂದದ್ದು ಅವನ ಕರುಳಿಗೇ ಚುಚ್ಚಿತು.

“ನನ್ನ ಗೆಳ್ಯಾರು ಕರದಾರ, ಹೊಂಟೀನಿ! ಅವರ ಜೊತಿ ಊರೂರು ತಿರುಗಿ ಹದಿನೈದು ದಿನ ಬಿಟ್ಟು ಬರ್ತೀನಿ!” ಎಂದು ಮನೆಗೆ ಬೀಗ ಜಡಿದು ಹೊರಟೇಬಿಟ್ಟ.

ಕರೆದವರು ಯಾರೂ ಇರಲಿಲ್ಲ, ಪಾಪ; ಹದಿನೈದು ದಿನ ಅಂದದ್ದೂ ಬರೀ ಸಿಟ್ಟಿನ ಮಾತು. ಸಂಜೆಯೊಳಗೆ ಇಬ್ಬರಲ್ಲಿ ಒಬ್ಬನನ್ನಾದರೂ ಕರೆತಂದು ಇದೇ ಕಟ್ಟೆಯ ಮೇಲೆ ಕೂಡಿಸಬೇಕು, ಇವರ ಬಾಯಿ ಮುಚ್ಚಿಸಬೇಕು ಎನ್ನುವುದು ಅವನ ಲೆಕ್ಕ.

ಸಿರುಗುಪ್ಪದಲ್ಲಿ ಉಚ್ಚೆಂಗೆಪ್ಪ ಭತ್ತದ ವ್ಯಾಪಾರಿಯೊಬ್ಬನ ಮನೆ ಅಳಿಯನಾಗಿದ್ದ. ಹಣೆ ತುಂಬ ವಿಭೂತಿ. ಜಡೆಪ್ಪನನ್ನು ಕಂಡದ್ದೇ ಅವನ ಮುಖ ಸುಣ್ಣದಂತಾಯಿತು. ತೋಳು ಹಿಡಿದು ದನದ ಕೊಟ್ಟಿಗೆಗೆ ಎಳೆದೊಯ್ದ.

“ಲೇ ಜಡ್ಯಾ, ಮೋಟರ್ ಸೈಕಲ್ ಅನ್ನೂ ಮಾತು ಇಲ್ಲಿ ಎತ್ತಬ್ಯಾಡ! ಆವಾಗ ಶ್ರೀಶೈಲಕ್ಕ ನಡಕೊಂಡು ಹೋಗಿದ್ದೆ ಅಂತ ಹೇಳೀನಿ. ಬರಿಗಾಲಾಗ ಮಲ್ಲಯ್ಯನ ಕಂಡು ಬಂದ ಹುಡುಗ ಅಂತಾನ ನಮ್ಮ ಮಾವ ಮಗಳನ್ನ ಕೊಟ್ಟಾನ.”

“ಬಳ್ಳಾರಿಗೆ ಬಂದು, ನಾವು ಸಮುದ್ರಕ್ಕ ಹೋಗಿದ್ದು ಖರೇ ಅಂತ ಒಂದ ಮಾತು ಹೇಳಿ ಹೋಗು.”

“ಮಾವನ ಕಿವಿಗಿ ಬಿದ್ದರ ನನ್ನ ಸಂಸಾರ ಮುಳುಗತೈತಿ.” ಅಷ್ಟಂದವನು ದನಿ ತಗ್ಗಿಸಿದ. “ಸಮುದ್ರದ ಮೊದಲ ಅಲಿ ಬಂದಾಗ ನಾ ಚಪ್ಲಿ ಬಿಟ್ಟು ಓಡಿದ್ನಲ್ಲ, ನೆನಪೈತೇನಲೇ?”

“ಐತಿ,” ಎಂದ ಜಡೆಪ್ಪ. ಅದನ್ನು ನೆನೆಯುವ ಇನ್ನೊಂದು ಜೀವ ಎಷ್ಟೋ ಕಾಲದ ಮೇಲೆ ಎದುರಿಗೆ ನಿಂತಿತ್ತು.

ಅಷ್ಟರಲ್ಲಿ ಮಾವ ಕೊಟ್ಟಿಗೆಗೆ ಬಂದ. ಉಚ್ಚೆಂಗೆಪ್ಪ ಗಾಬರಿಯಲ್ಲಿ, “ಇವನೂ ನನ್ನ ಜೊತಿ ಶ್ರೀಶೈಲಕ್ಕ ಬಂದಿದ್ದ, ಮಾವಾ!” ಎಂದುಬಿಟ್ಟ. ತಗೋ! ಮುದುಕ ಜಡೆಪ್ಪನನ್ನು ಮಣೆಯ ಮೇಲೆ ಕೂಡಿಸಿ, ಕಾಲು ತೊಳೆದು, ಆ ನೀರನ್ನು ಮನೆಮಂದಿಯ ತಲೆಗೆಲ್ಲ ಚಿಮುಕಿಸಿದ. ಓಣಿಯ ಹೆಂಗಸರೂ ಬಂದು ತುಂಬಿಕೊಂಡರು. “ಮಲ್ಲಯ್ಯನ ಸನ್ನಿಧಿ ಹೆಂಗೈತಿ, ಹೇಳ್ರಿ” ಎಂದು ಕೈಮುಗಿದರು. ಶ್ರೀಶೈಲ ಯಾವ ದಿಕ್ಕಿಗಿದೆ ಎಂದೂ ಅರಿಯದ ಜಡೆಪ್ಪ ಕಣ್ಣು ಮುಚ್ಚಿ ಕಾರವಾರವನ್ನೇ ಹೇಳಿದ. ಕಣ್ಣು ಹಾಯುವ ತನಕ ಎದ್ದು ಬಿದ್ದು ಬರುವ ಭಕ್ತರ ಸಾಲು, ಹಗಲೂ ರಾತ್ರಿ ನಿಲ್ಲದ ಮೊರೆತ, ತುಟಿಯ ಮೇಲೆಲ್ಲ ಉಪ್ಪು.

“ಉಪ್ಪು ಯಾಕ್ರೀ?” ಎಂದಳು ಒಬ್ಬಾಕೆ.

“ಕಣ್ಣೀರಿಂದು, ಯವ್ವಾ,” ಎಂದ.

ಹೆಂಗಸರೆಲ್ಲ ಸೆರಗು ಕಣ್ಣಿಗೊತ್ತಿಕೊಂಡರು. ಜನ್ಮದಲ್ಲಿ ಮೊದಲ ಸಲ ಜನ ಅವನ ಸಮುದ್ರದ ಕತೆಯನ್ನು ಬಾಯಿ ಬಿಟ್ಟುಕೊಂಡು ಕೇಳಿದ್ದರು. ಅದು ಸಮುದ್ರ ಎಂದು ಹೇಳುವ ಹಾಗಿರಲಿಲ್ಲ, ಅಷ್ಟೇ. ಊಟ ಮುಗಿಸಿ ಬಿಡಿಸಿಕೊಂಡು ಬರುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು.

ಅರ್ಧ ದಾರಿಗೆ ಬಸ್ಸಿನಿಂದ ಇಳಿದು, ಉಳಿದದ್ದನ್ನು ಸಿಕ್ಕಿದ ಬಂಡಿಯಲ್ಲಿ, ಸಿಗದಿದ್ದಲ್ಲಿ ಕಾಲಲ್ಲಿ ಸವೆಸಿ ಕುರುಗೋಡು ಸೇರಿದ. ಬಾಗಿಲಲ್ಲಿ ಉಸ್ಮಾನಸಾಬನ ಹೆಂಡತಿ ಕುಬ್ರಾಬಿ ನಿಂತಿದ್ದಳು.

“ಯಾ ಅಲ್ಲಾ, ಜಡೆಪ್ಪಣ್ಣಾರ! ನೀವಿಲ್ಲಿ ಅದೀರಿ, ಅವರು ನಿಮ್ಮನ್ನ ಹುಡುಕ್ಕೊಂಡು ಮುಂಜಾನೆನ ಬಳ್ಳಾರಿಗೆ ಹೋದ್ರಲ್ರಿ! ಮೂಲ್ಯಾಗ ಬಿದ್ದಿದ್ದ ಗಾಡಿ ನಿನ್ನೆ ಚಾಲೂ ಆತು. ಜಡ್ಯಾನ್ನ ಕುಂದರಿಸಿಕೊಂಡು ಇನ್ನೊಮ್ಮೆ ಸಮುದ್ರ ನೋಡಿ ಬರ್ತೀನಿ ಅಂದ್ರು. ದಿನಾ ನಿಮ್ಮ ಮಾತ ಆಡ್ತಾರ್ರಿ.”

ಜಡೆಪ್ಪ ಬಂದ ಕಾಲಲ್ಲೇ ಬಳ್ಳಾರಿಯ ಕಡೆ ತಿರುಗಿದ. ಕೊಳಗಲ್ಲಿನ ತನಕ ಮೆಣಸಿನಕಾಯಿ ಲಾರಿಯೊಂದು ಸಿಕ್ಕಿತು. ಅಲ್ಲಿಂದ ಮುಂದಕ್ಕೆ ಸೀನುತ್ತ ಓಡಿದ, ಓಡುತ್ತ ಸೀನಿದ. ಉಸ್ಮಾನ ಕಟ್ಟೆಯ ಮೇಲೆ ಕೂತಿರುತ್ತಾನೆ, ಸುಂಕಪ್ಪನ ಮುಖ ಇಷ್ಟಾಗಿರುತ್ತದೆ ಎಂದು ದಾರಿಯುದ್ದಕ್ಕೂ ಒಬ್ಬನೇ ನಗುತ್ತಿದ್ದ.

ದೀಪ ಹಚ್ಚುವ ಹೊತ್ತಿಗೆ ಓಣಿ ಸೇರಿದ. ಕಟ್ಟೆಯ ಮೇಲೆ ಪಾರಮ್ಮ ಒಬ್ಬಳೇ ಕೂತಿದ್ದಳು.

“ಇದೇನಪಾ, ಹದಿನೈದು ದಿನ ಬರಂಗಿಲ್ಲ ಅಂದಾವ ಇವತ್ತ ಬಂದಿ?”

“ಉಸ್ಮಾನಸಾಬ ಎಲ್ಲಿ, ಅಕ್ಕಾ?”

“ಬಂದಿದ್ದ ನೋಡು! ಏನ್ ಗಾಡಿ, ಏನ್ ಸದ್ದು! ನಿಮ್ಮ ಸಮುದ್ರದ ಕತಿ ಎಲ್ಲಾ ಅವನ ಬಾಯಿಲೆ ಕೇಳಿದ್ವಿ. ನೀ ಗೆಳ್ಯಾರ ಜೊತಿ ತಿರುಗಾಕ ಹೋಗೀದಿ ಅಂತ ಹೇಳಿದ್ವಿ. ‘ಜಡ್ಯಾಗ ಬ್ಯಾರೆ ಗೆಳ್ಯಾರು ಸಿಕ್ಕರೇನು?’ ಅಂತ ಮಾರಿ ಸಣ್ಣದು ಮಾಡಿದ. ಆಮ್ಯಾಲ ತೊಟ್ಟಿ ಖಾಲಿ ಯಾಕ ಹೋಗಬೇಕಂತ ಸುಂಕಪ್ಪನ್ನ ಕುಂದರಿಸಿಕೊಂಡು ಸಮುದ್ರಕ್ಕ ಹೋದ.”

ಜಡೆಪ್ಪ ಕಟ್ಟೆಯ ಮೇಲೆ ಕುಸಿದು ಕೂತ. ಅವನ ಮುಖ ನೋಡಿ ಪಾರಮ್ಮನಿಗೆ ಅಯ್ಯೋ ಅನಿಸಿತು.

“ಯಾಕ ತಮ್ಮಾ ಹಿಂಗ ಕುಂತಿ? ನೀ ಹೇಳಿದ್ದೆಲ್ಲಾ ಖರೇ ಅಂತ ಇಡೀ ಓಣಿಗೆ ಗೊತ್ತಾತು. ಇನ್ನ ಮ್ಯಾಲೆ ನೀ ಹೇಳೂದ ಬ್ಯಾಡ,” ಎಂದು ಸಮಾಧಾನ ಮಾಡಿದಳು. “ಸುಂಕಪ್ಪ ಬಂದು ಹೇಳ್ತಾನ.”