ಸ್ಟ್ರಾಬೆರಿ ಗಿಡದ ಹಸಿವು

ಬೆಳಿಗ್ಗೆ ಗಿಡದ ನೀರಿಗೆ ಅದ್ದಿದ ಮೀಟರಿನ ಅಂಕಿ ಎರಡು ದಾಟಿತ್ತು. ಗಡಿಯಾರ ರಿಪೇರಿಯವನಿಗೆ ಹಲ್ಲುಜ್ಜುವ ಮನಸ್ಸೂ ಹೋಯಿತು.

ಬಾಲ್ಕನಿಯ ತೊಟ್ಟಿಯಲ್ಲಿ, ಮಣ್ಣಿಲ್ಲದೆ ಬರೀ ಗೊಬ್ಬರದ ನೀರಿಗೆ ಬೇರು ಇಳಿಬಿಟ್ಟುಕೊಂಡು ನಿಂತಿದ್ದ ಸ್ಟ್ರಾಬೆರಿ ಗಿಡ ಅವನ ಹೆಂಡತಿ ನೆಟ್ಟದ್ದು. ಅವಳು ದೇವರ ಪಾದ ಸೇರಿ ತಿಂಗಳಾಗಿತ್ತು. ಅವಳ ಕೈಯ ಗಿಡಗಳಲ್ಲಿ ಉಳಿದದ್ದು ಇದೊಂದೇ. ಮೊನ್ನೆ ಹೂವನ್ನೂ ಬಿಟ್ಟಿತ್ತು. ಪೆನ್ನಿನಂಥ ಆ ಮೀಟರನ್ನು ಅದ್ದಿದರೆ ನೀರಿನಲ್ಲಿ ವಿದ್ಯುತ್ತು ಎಷ್ಟು ಸಲೀಸಾಗಿ ಹರಿಯುತ್ತದೆಂದು ತಿಳಿಯುತ್ತಿತ್ತು. ಗೊಬ್ಬರವೋ ಉಪ್ಪೋ ಹೆಚ್ಚಿದಷ್ಟೂ ಅಂಕಿ ಏರುತ್ತದೆ. ಎರಡು ದಾಟಿದರೆ ಬೇರು ಸುಡುತ್ತದೆ.

ಒಂದು ಜಗ್ ನೀರು ತೆಗೆದು, ಒಂದು ಜಗ್ ಬರೀ ನೀರು ಸುರಿದ. ಅಂಕಿ ಇಳಿಯಿತು. ಮಗಳ ಸಾವಿಗೆ ಬಂದು ಹಿಂದಿರುಗಲಾರದೆ ಉಳಿದಿದ್ದ ಅತ್ತೆ ಒಳಗೆ ಟೀ ಇಟ್ಟಿದ್ದರು. ಕುಡಿದು ಬಂದು ನೋಡಿದರೆ ಅಂಕಿ ಜ್ವರದಂತೆ ಮತ್ತೆ ಏರಿ ಕುಳಿತಿತ್ತು.

"ನಿಮ್ಮ ನೀರೇ ಸರಿಯಿಲ್ಲ ಕಣ್ರೀ," ಎಂದರು ಮೇಲಿನ ಮನೆಯ ಮೇಷ್ಟ್ರು, ಬಾಲ್ಕನಿಯಿಂದ ತಲೆ ಇಳಿಬಿಟ್ಟು. "ಕುದಿಸಿ, ಆರಿಸಿ ಹಾಕಿ."

ಕುದಿಸಿ, ಆರಿಸಿ ಹಾಕಿದ. ಸ್ವಲ್ಪ ಹೊತ್ತಿಗೆ ಮತ್ತೆ ಏರಿತು.

"ಅಲ್ಲಾ, ನೀವು ಅದರ ಮುಂದೆ ನಿಂತು ಅಳ್ತೀರಲ್ಲ," ಎಂದಳು ಪಕ್ಕದ ಮನೆಯ ನರ್ಸು. "ಕಣ್ಣೀರಲ್ಲೂ ಉಪ್ಪಿರತ್ತೆ."

ತಮಾಷೆಯೋ ನಿಜವೋ ತಿಳಿಯಲಿಲ್ಲ. ಮುಂದಿನ ಸಲ ಅವನು ಕಣ್ಣಿನ ಕೆಳಗೆ ಟವೆಲ್ ಬಿಗಿದುಕೊಂಡು, ಬ್ಯಾಂಕಿಗೆ ನುಗ್ಗುವ ಕಳ್ಳನಂತೆ ತೊಟ್ಟಿಗೆ ಬಗ್ಗಿದ. ಅಂಕಿ ಇನ್ನೂ ಏರಿತ್ತು.

ತಪ್ಪೆಲ್ಲ ಯಂತ್ರದ್ದೇ ಎಂಬುದು ರಿಪೇರಿಯವನ ನಂಬಿಕೆ. ಮೀಟರನ್ನು ಬಿಚ್ಚಿ, ಉಜ್ಜಿ, ಕೂಡಿಸಿದ. ಅದರ ಜೊತೆ ಸೀಸೆಯಲ್ಲಿ ಬಂದಿದ್ದ, ಅಂಕಿ ಮೊದಲೇ ಗೊತ್ತಿರುವ ಪರೀಕ್ಷೆಯ ನೀರಿನಲ್ಲಿ ಅದ್ದಿ ನೋಡಿದ. ಮೀಟರು ಸರಿಯಾಗಿಯೇ ಇತ್ತು. ಒಂದು ಸ್ಕ್ರೂ ಹೊರಗುಳಿದಿತ್ತು, ಅಷ್ಟೆ.

ಕೊನೆಗೆ ಬಾಗಿಲ ಹಿಂದೆ ಅವಿತು ನಿಂತ. ಅತ್ತೆ ಮೆಲ್ಲಗೆ ಬಂದರು. ಗೊಬ್ಬರದ ಬಾಟಲಿಯಿಂದ ಒಂದು ಚಮಚ ತುಂಬಿ ತೊಟ್ಟಿಗೆ ಹೊಯ್ದರು.

"ಅತ್ತೆ, ಏನಿದು?"

"ಎಲೆ ಸೊರಗಿದೆ ಅಳಿಯಂದ್ರೇ, ಹಸಿವಾಗಿರ್ಬೇಕು. ನೀವು ನೋಡಿದ್ರೆ ಬೆಳಗಿನಿಂದ ಅದರ ಬಾಯಿಂದ ಕಿತ್ಕೊಳ್ತಾನೇ ಇದ್ದೀರಿ." ಚಮಚವನ್ನು ಅಂಗೈಗೆ ಒರೆಸಿಕೊಂಡರು. "ಅವಳಿಗೆ ಕೊನೇಲಿ ಒಂದು ತುತ್ತೂ ಇಳೀಲಿಲ್ಲ. ಇದಾದ್ರೂ ತಿನ್ನಲಿ."

ಬೇಡವೆನ್ನಲು ಮನಸ್ಸಾಗದೆ ಅವನು ಚಮಚ ಇಸಿದುಕೊಂಡು ತೊಳೆದಿಟ್ಟ.

ರಾತ್ರಿ ಅವರು ಮಲಗಿದ ಮೇಲೆ ಅವನಿಗೊಂದು ಉಪಾಯ ಹೊಳೆಯಿತು. ಗೊಬ್ಬರವನ್ನು ಬೇರೆ ಬಾಟಲಿಗೆ ಬಗ್ಗಿಸಿ ಬೀರುವಿನಲ್ಲಿ ಬಚ್ಚಿಟ್ಟ. ಹಳೆಯ ಬಾಟಲಿಗೆ ಬರೀ ನೀರು ತುಂಬಿ, ಬಣ್ಣಕ್ಕೆಂದು ನಾಲ್ಕು ಹನಿ ಟೀ ಬಿಟ್ಟ. ಇನ್ನು ಎಷ್ಟು ಸಲ ಬೇಕಾದರೂ ಉಣಿಸಲಿ. ಅವರಿಗೂ ಸಮಾಧಾನ, ಬೇರಿಗೂ ಸಮಾಧಾನ. ಬೆಳಗಾದ ಮೇಲೆ ತೊಟ್ಟಿಯ ನೀರು ಬದಲಿಸಿ, ಅಂಕಿ ಸರಿಯಾದದ್ದು ನೋಡಿ, ದೇವರಿಗೆ ಕೈಮುಗಿದು ಅಂಗಡಿಗೆ ಹೋದ.

ಸಂಜೆ ಬಂದು ಅದ್ದಿದರೆ ಮೀಟರಿನಲ್ಲಿ ಅಂಕಿಯೇ ಇಲ್ಲ, ಬರೀ ಗೆರೆಗಳು. ಅಳತೆ ಅದರ ಶಕ್ತಿ ಮೀರಿತ್ತು. ಎಲೆಗಳು ಹಿಂಡಿದ ಬಟ್ಟೆಯಂತೆ ತೊಟ್ಟಿಯ ಅಂಚಿಗೆ ಬಿದ್ದಿದ್ದವು.

"ನಿಮ್ಮ ಬಾಟಲೀದು ಕೆಟ್ಟುಹೋಗಿತ್ತು ಅಳಿಯಂದ್ರೇ," ಎಂದರು ಅತ್ತೆ ಹಿಂದಿನಿಂದ. "ನಾಲಗೆಗಿಟ್ಟು ನೋಡ್ದೆ, ಸಪ್ಪೆ. ಆಸ್ಪತ್ರೇಲಿ ಅವಳಿಗೂ ಹಾಗೇ ಸಪ್ಪೆ ಊಟ ಹಾಕಿ ಹಾಕಿ ಸಾಯಿಸಿದ್ರು. ನನಗೆ ತಡೀಲಿಲ್ಲ. ಉಪ್ಪಿನ ಡಬ್ಬಿ ಪೂರ್ತಿ ಹಾಕ್ಬಿಟ್ಟೆ."

ತಾನು ಬಾಟಲಿಯನ್ನು ಮುಟ್ಟದೇ ಬಿಟ್ಟಿದ್ದರೆ ಗಿಡ ಹೇಗೋ ಬದುಕಿಕೊಳ್ಳುತ್ತಿತ್ತು. ಅವನು ಬಗ್ಗಿ ಒಂದು ಎಲೆಯನ್ನು ಎತ್ತಿ ಹಿಡಿದ. ಕೈಬಿಟ್ಟೊಡನೆ ಅದು ಮತ್ತೆ ಬಿತ್ತು.

"ನೋಡಿ, ಹೊಟ್ಟೆ ತುಂಬಿ ಹೇಗೆ ಮಲಗಿದೆ," ಎಂದರು ಅತ್ತೆ.

"ಹೌದು ಅತ್ತೆ," ಎಂದ ಅವನು. "ಮಲಗ್ಲಿ. ಎಬ್ಬಿಸೋದು ಬೇಡ."