ರಜಿಯಾಳ ಮಾಂಡಣಿಯ ಮೇಲೆ ನನ್ನ ಗ್ರಂಥಭಂಡಾರ

ತಪ್ಪು ನನ್ನದಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಕೊನೆಯಲ್ಲಿ ಯಾರೂ ನನ್ನ ಕಡೆ ಬೆರಳು ತೋರಿಸಬಾರದು.

ನಾನು ಬೀದರಿನ ನೌಬಾದದಲ್ಲಿ ವಾಸಿಸುವ ಕಾದಂಬರಿಕಾರ. ಹೊಟ್ಟೆಪಾಡಿಗೆ ಕೊಳಾರದ ಗೋದಾಮೊಂದರಲ್ಲಿ ಸ್ಟೋರ್‌ಕೀಪರ್. ಬರಗಾಲದ ಆ ವರ್ಷಗಳಲ್ಲಿ ಊರಲ್ಲಿ ಕಟ್ಟಡದ ಕೆಲಸವೆಲ್ಲ ನಿಂತುಹೋಯಿತು. ಕುಡಿಯಲಿಕ್ಕೇ ನೀರಿಲ್ಲ, ಸಿಮೆಂಟು ಕಲೆಸುವುದು ಯಾವುದರಲ್ಲಿ? ನಮ್ಮ ಓಣಿಯ ಮೇಸ್ತ್ರಿಗಳೆಲ್ಲ ಸಂಸಾರ ಸಮೇತ ಪುಣೆಗೂ ಹೈದರಾಬಾದಿಗೂ ಹೊರಟರು. ಹೊರಡುವಾಗ ಮನೆಯ ಕೀಲಿಯನ್ನು ನನ್ನ ಕೈಗಿಟ್ಟರು. ಗೋದಾಮು ಕಾಯುವವನು ನಾಲ್ಕು ಮನೆ ಕಾಯಲಾರನೇ ಎಂಬ ನಂಬಿಕೆ. ನಮ್ಮ ಕಡೆ ಕೀಲಿ ಇಟ್ಟುಕೊಳ್ಳುವುದೆಂದರೆ ಅದಕ್ಕೊಂದು ರೀತಿ ಇದೆ. ವಾರಕ್ಕೊಮ್ಮೆ ಬಾಗಿಲು ತೆರೆದು ಕಸ ಹೊಡೆಯಬೇಕು, ಸಂಜೆ ಸ್ವಲ್ಪ ಹೊತ್ತು ಒಂದು ಬಲ್ಬು ಹಚ್ಚಬೇಕು, ಉಳಿದದ್ದನ್ನು ಮುಟ್ಟಬಾರದು.

ನನ್ನ ಕಾದಂಬರಿಯ ನಾಯಕನೂ ಇಂಥವನೇ. ಇಡೀ ಓಣಿ ಗುಳೆ ಹೋದಾಗ ಎಲ್ಲರ ಕೀಲಿ ಕಾಯುವ ಸತ್ಯಸಂಧ, ಧೀರ, ಕೊಂಚ ಬಕ್ಕತಲೆಯವನು. ನನಗೂ ಅವನಿಗೂ ಯಾವ ಸಂಬಂಧವೂ ಇಲ್ಲ ಎಂದು ಮೊದಲ ಪುಟದಲ್ಲೇ ಅಚ್ಚು ಹಾಕಿಸಿದ್ದೇನೆ.

ಅಂತರ್ಜಾಲದಲ್ಲಿ ಪುಸ್ತಕ ಚರ್ಚಿಸುವ ಒಂದು ಬಳಗವಿದೆ. ನಾನೂ ಅದರ ಸದಸ್ಯ. ಅಲ್ಲಿ 'ಪ್ರಬುದ್ಧ ಓದುಗ' ಎಂಬ ಹೆಸರಿನಲ್ಲಿ ಅಡಗಿ ಕೂತ ಮಹಾಶಯನೊಬ್ಬ ನನ್ನ ಕಾದಂಬರಿಯ ಬಗ್ಗೆ ಎರಡೇ ಸಾಲು ಬರೆದ: "ವಲಸೆಯನ್ನು ಎ.ಸಿ. ಕೋಣೆಯಲ್ಲಿ ಕೂತು ಬರೆದಂತಿದೆ. ಲೇಖಕರ ಓದೂ ತೆಳುವಾಗಿದೆ."

ಎ.ಸಿ. ಕೋಣೆಯಂತೆ! ನನಗೆ ಎ.ಸಿ.ಯೂ ಇಲ್ಲ, ಕೋಣೆಯೂ ಇಲ್ಲ! ಆದರೂ ಮೊದಲ ಸಾಲನ್ನು ಕ್ಷಮಿಸಬಹುದಿತ್ತು. ಎರಡನೆಯದು ಮೈಯೆಲ್ಲ ಉರಿಸಿತು. ನನ್ನ ಓದು ತೆಳುವೇ? ನಾನು ಓದಿದ ಗ್ರಂಥಗಳ ಹೆಸರನ್ನು ಒಂದೇ ಉಸಿರಿನಲ್ಲಿ ಬರೆದು ಅವನ ಮುಖಕ್ಕೆ ಎಸೆದೆ. ಅವುಗಳಲ್ಲಿ ಹೆಚ್ಚಿನವುಗಳ ಬೆನ್ನುಡಿ ಮಾತ್ರ ಓದಿದ್ದೆನೆಂಬುದು ನಿಜ. ಬೆನ್ನುಡಿ ಓದುವುದು ಓದಲ್ಲವೇ? ಕೊನೆಗೆ, "ನನ್ನ ಓದಿನ ಕೋಣೆಯನ್ನು ಒಮ್ಮೆ ಕಂಡಿದ್ದರೆ ತಾವು ಈ ಮಾತು ಆಡುತ್ತಿರಲಿಲ್ಲ" ಎಂದು ಸೇರಿಸಿದೆ.

ಬಳಗ ನಡೆಸುವವರು ಬೆಂಗಳೂರಿನ ವಿನುತಾ ಎಂಬ ಉತ್ಸಾಹಿ ಮಹಿಳೆ. ಅವರು ಕೂಡಲೇ ಉತ್ತರಿಸಿದರು. "ಸಾರ್, ಹಾಗಾದ್ರೆ ಭಾನುವಾರ ನಿಮ್ಮ ಓದಿನ ಕೋಣೆಯಿಂದಲೇ ಲೈವ್ ಮಾತುಕತೆ ಮಾಡೋಣ. ಚೆನ್ನಾಗಿ ಬಂದ್ರೆ ಈ ವರ್ಷ ಬಳಗದವರೆಲ್ಲ ಕೂಡಿ ಓದೋ ಪುಸ್ತಕ ನಿಮ್ಮದೇ." ಪ್ರಕಾಶಕರಿಗೆ ಸುದ್ದಿ ಮುಟ್ಟಿಸಿದೆ. ಅವರು ಅಷ್ಟೇ ಉತ್ಸಾಹದಿಂದ, ಇದೂ ಆಗದಿದ್ದರೆ ಮಾರಾಟವಾಗದ ಪ್ರತಿಗಳನ್ನೆಲ್ಲ ಗಂಟು ಕಟ್ಟಿ ನಿಮ್ಮ ಮನೆಗೇ ಕಳಿಸುತ್ತೇನೆ ಎಂದರು. ಹೀಗೆ ನನ್ನ ಸಾಹಿತ್ಯ ಜೀವನದ ಭವಿಷ್ಯವು ಒಂದು ಕೋಣೆಯ ಮೇಲೆ ನಿಂತಿತು.

"ಓದೋ ಕೋಣಿನಾ?" ಎಂದಳು ಹೆಂಡತಿ ಶಾಂತಾ. "ಮನ್ಯಾಗ ಡ್ರಮ್ ಇಡ್ಲಾಕ ಜಾಗಾ ಇಲ್ಲ, ನೀವು ಕೋಣಿ ಎಲ್ಲಿಂದ ತರ್ತೀರಿ?"

ಅವಳ ಮಾತು ಸರಿಯಾಗಿಯೇ ಇತ್ತು. ನಮ್ಮ ಎರಡು ಕೋಣೆಗಳಲ್ಲಿ ಡ್ರಮ್ಮು, ಕೊಡ, ಬಕೀಟುಗಳ ನಡುವೆ ನಾವು ಅಡ್ಡಡ್ಡ ನಡೆಯುತ್ತಿದ್ದೆವು. ನನ್ನ ಪುಸ್ತಕಗಳು ಗೋಣಿಚೀಲದಲ್ಲಿ ಅಟ್ಟದ ಮೇಲಿದ್ದವು.

"ಇಸ್ಮಾಯಿಲ್ ಮೇಸ್ತ್ರಿ ಮನಿ ಖಾಲಿ ಅದಲ್ಲ!"

"ಕಸಾ ಹೊಡೀರಿ ಅಂತ ಕೀಲಿ ಕೊಟ್ಟಾರ. ಸಭಾ ಮಾಡ್ರಿ ಅಂತಲ್ಲ. ರಜಿಯಾಗ ಒಂದು ಫೋನ್ ಹಚ್ಚಿ ಕೇಳ್ರಿ."

"ಇಷ್ಟು ಸಣ್ಣ ಮಾತಿಗಿ ಅವರಿಗ್ಯಾಕ ತ್ರಾಸ?" ಎಂದೆ. ಎಷ್ಟು ಸೂಕ್ಷ್ಮ ಮನಸ್ಸು ನನ್ನದು, ನೋಡಿ.

ಇಸ್ಮಾಯಿಲನ ಹೆಂಡತಿ ರಜಿಯಾಳ ಮಾಂಡಣಿ ಓಣಿಗೇ ಪ್ರಸಿದ್ಧ. ಗೋಡೆಯಗಲದ ಸ್ಟೀಲಿನ ಹಲಗೆಗಳ ಮೇಲೆ ಪಾತ್ರೆಗಳು ಗಾತ್ರದ ಪ್ರಕಾರ ಸಾಲಾಗಿ ನಿಂತು ಫಳಫಳ ಹೊಳೆಯುತ್ತವೆ. ಎಲ್ಲಕ್ಕೂ ಕೆಳಗೆ ಔರಾದದ ತವರಿನಿಂದ ಅವಳ ತಾಯಿ ಕೊಟ್ಟ ತಾಮ್ರದ ಹಂಡೆ. ಆ ಮಾಂಡಣಿಯೇ ನನ್ನ ಗ್ರಂಥಭಂಡಾರವಾಗಬೇಕೆಂದು ನಿರ್ಧರಿಸಿದೆ. ಒಳಗೆ ಮಂಚ, ಟ್ರಂಕುಗಳು ತುಂಬಿದ್ದರಿಂದ ಭಾನುವಾರ ಬೆಳಿಗ್ಗೆ ಪಾತ್ರೆಗಳನ್ನೆಲ್ಲ ಹೊರಗಿನ ಕಟ್ಟೆಯ ಮೇಲಿಟ್ಟೆ. ಗೋದಾಮಿನವನ ಕೈ, ಸುಮ್ಮನೆ ಗುಡ್ಡೆ ಹಾಕುತ್ತದೆಯೇ? ದೊಡ್ಡದರಿಂದ ಸಣ್ಣದರವರೆಗೆ ಒಂದೇ ಸಾಲಿನಲ್ಲಿ ಚೊಕ್ಕವಾಗಿ ಜೋಡಿಸಿದೆ.

ನನ್ನ ಪುಸ್ತಕಗಳು ಎರಡು ಹಲಗೆಗೆ ಮುಗಿದುಹೋಗುವಷ್ಟೇ ಇದ್ದವು. ಇದು ಮೊದಲೇ ಗೊತ್ತಿದ್ದುದರಿಂದ ಹಿಂದಿನ ದಿನವೇ ಬಸ್ಸು ಹತ್ತಿ ಭಾಲ್ಕಿಗೆ ಹೋಗಿ, ಅಲ್ಲಿ ವಕೀಲನಾಗಿರುವ ಹೆಂಡತಿಯ ತಮ್ಮ ಸಂಗಮೇಶನಿಂದ ಕೆಂಪು ರಟ್ಟಿನ ದಪ್ಪ ಕಾನೂನು ಪುಸ್ತಕಗಳನ್ನು ಹೊತ್ತು ತಂದಿದ್ದೆ. "ಮಾಮಾ, ಸೋಮವಾರ ಕೇಸ್ ಅದ. ಐತವಾರ ಸಂಜಿಗಿ ನನಗ ಮುಟ್ಟಬೇಕು ನೋಡ್ರಿ" ಎಂದು ಹತ್ತು ಸಲ ಹೇಳಿ ಕೊಟ್ಟಿದ್ದ. ಅವು ಬಂದಮೇಲೆ ಮಾಂಡಣಿಗೆ ಒಂದು ಗಾಂಭೀರ್ಯ ಬಂತು. ನನಗೇ ನನ್ನ ಮೇಲೆ ಗೌರವ ಹುಟ್ಟಿತು. ಆ ಹುರುಪಿನಲ್ಲಿ ಕಾರ್ಯಕ್ರಮದ ಲಿಂಕನ್ನು ಓಣಿಯ ವಾಟ್ಸಾಪ್ ಗುಂಪಿಗೂ ಹಾಕಿ, "ಎಲ್ಲರೂ ತಪ್ಪದೇ ನೋಡಿ" ಎಂದು ಬರೆದೆ. ಆ ಗುಂಪಿನಲ್ಲಿ ಪುಣೆಗೆ ಹೋದವರೂ ಇದ್ದಾರೆ ಎಂಬುದು ಆಗ ತಲೆಗೆ ಹೊಳೆಯಲಿಲ್ಲ.

ಲೈವ್ ಶುರುವಾಯಿತು.

"ಇದೇ ನನ್ನ ಓದಿನ ಕೋಣೆ," ಎಂದು ಗಂಟಲು ಸರಿಮಾಡಿಕೊಂಡೆ. "ಎಷ್ಟೋ ವರ್ಷಗಳಿಂದ ಈ ಗೋಡೆಗೆ ಒರಗಿಯೇ ಓದುತ್ತ ಬಂದಿದ್ದೇನೆ. ಈ ಪುಸ್ತಕಗಳೇ ನನ್ನ ಸಂಸಾರ." ಬಾಗಿಲಲ್ಲಿ ನಿಂತಿದ್ದ ಶಾಂತಾ ಇದನ್ನು ಕೇಳಿ ಮನೆಗೆ ಹೊರಟುಹೋದಳು.

"ನಿಮ್ಮ ಹಿಂದೆ ಕೆಂಪು ಬಣ್ಣದ್ದು, ದಪ್ಪಗಿದೆಯಲ್ಲ ಸಾರ್, ಯಾವ ಪುಸ್ತಕ ಅದು?"

"ಅದು ರಷ್ಯನ್ ಕಾದಂಬರಿ. ಮನುಷ್ಯನ ಆತ್ಮಸಂಕಟದ ಮಹಾಗಾಥೆ."

ಮರುಕ್ಷಣ ಪರದೆಯ ಕೆಳಗೆ ಭಾಲ್ಕಿಯ ಕಮೆಂಟು ತೇಲಿ ಬಂತು: "ಮಾಮಾ, ಅದು ಭೂಕಂದಾಯ ಕಾಯ್ದೆ. ಸಂಜಿಗಿ ಮರೀಬ್ಯಾಡ್ರಿ." ಮನೆಯವರು ಮೆಚ್ಚಿ ಒಂದು ಚಪ್ಪಾಳೆಯ ಚಿತ್ರ ಹಾಕುವುದು ಬಿಟ್ಟು ಹೀಗೆ ಮರ್ಯಾದೆ ತೆಗೆಯಬೇಕೇ? ಕಾಣದವನಂತೆ ಮಾತು ಮುಂದುವರಿಸಿದೆ.

ವಿನುತಾ ಇನ್ನೊಂದು ಕಮೆಂಟು ಓದಿದರು. "ಪುಣೆಯಿಂದ ರಜಿಯಾ ಅನ್ನೋರು, 'ಇದು ನನ್ನ ಮನಿ' ಅಂತ ಬರೆದಿದ್ದಾರೆ. ನೋಡಿ ಸಾರ್, ನಿಮ್ಮ ಮಾತು ಕೇಳಿದ ಓದುಗರಿಗೆ ತಮ್ಮದೇ ಮನೆ ಕಂಡ ಹಾಗೆ ಆಗ್ತಿದೆ. ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕಾ?"

"ಸಾಹಿತ್ಯದ ಶಕ್ತಿಯೇ ಅದು" ಎಂದೆ. ಫೋನನ್ನು ಕೊಂಚ ಓರೆ ಮಾಡಿದೆ.

ಅಷ್ಟರಲ್ಲಿ ಹೊರಗೆ ಹಾರ್ನ್ ಕೇಳಿಸಿತು. ನೀರಿನ ಟ್ಯಾಂಕರ್! ಮಂಗಳವಾರ ಬರಬೇಕಾದದ್ದು! ಫೋನ್ ಮಾಡಿ ಮಾಡಿ ಬೆರಳು ಸವೆದರೂ ಬಾರದ ಆ ಟ್ಯಾಂಕರು ನನ್ನ ಜೀವನದ ಏಕೈಕ ಸಂದರ್ಶನದ ಹೊತ್ತಿಗೆ ಬಂತು. ನಮ್ಮ ಓಣಿಯ ಪದ್ಧತಿ ಏನೆಂದರೆ, ಮನೆಯ ಮುಂದೆ ಸಾಲಾಗಿ ಪಾತ್ರೆ ಇಟ್ಟರೆ ಆ ಮನೆಗೆ ನೀರು ಬೇಕೆಂದು ಅರ್ಥ. ಬೀಗ ಬಿದ್ದ ಮನೆಗೆ ನೀರಿಲ್ಲ, ಅದರ ಪಾಲನ್ನು ಉಳಿದವರು ಹಂಚಿಕೊಳ್ಳುತ್ತಾರೆ. ಟ್ಯಾಂಕರಿನವನು ಅಷ್ಟು ಚೊಕ್ಕ ಸಾಲನ್ನು ಎಲ್ಲೂ ಕಂಡಿರಲಿಕ್ಕಿಲ್ಲ. ಪೈಪು ಎಳೆದು ಹಂಡೆಯಿಂದ ಹಿಡಿದು ಚಹಾದ ಪಾತ್ರೆಯವರೆಗೆ ಎಲ್ಲವನ್ನೂ ತುಂಬಿಸಿಬಿಟ್ಟ.

ಎದುರು ಮನೆಯ ಕಲಾವತಿ ಖಾಲಿ ಕೊಡ ಹಿಡಿದು ನೇರವಾಗಿ ಒಳಗೆ ಬಂದಳು.

"ಸಾಹೇಬ್ರ, ನಿಮಗ ಎರಡು ಮನಿ ಪಾಲು ಬೇಕೇನ್ರಿ? ಕೀಲಿ ನಿಮ್ಮ ಕಡಿ ಅದ ಅಂತ ಬೀಗ ಹಾಕಿದ ಮನಿ ಹೆಸರ್ಲೆ ನೀರು ಕದೀತೀರಿ?"

ನೀರು ಕದಿಯುವುದೆಂದರೆ ಆ ವರ್ಷ ನಮ್ಮ ಊರಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿರಲಿಲ್ಲ. ರಾಜ್ಯದ ಓದುಗರೆಲ್ಲ ಕೇಳುತ್ತಿದ್ದಾರೆ! "ಕಲಾವತಿ, ಮಾತು ನೋಡಿ ಆಡು! ನಾ ಲೇಖಕ ಇದ್ದೇನಿ!"

"ಲೇಖಕ ಇದ್ರ ನೀರು ಕುಡಿಯಂಗಿಲ್ಲೇನ್ರಿ?"

"ಸಾರ್, ಇದು ಕಾದಂಬರಿಯ ದೃಶ್ಯಾನಾ?" ಎಂದರು ವಿನುತಾ. "ತುಂಬಾ ಸಹಜವಾಗಿದೆ!"

ನನ್ನ ನಿರಪರಾಧಿತ್ವವನ್ನು ಸಾಬೀತುಪಡಿಸಲು ಫೋನ್ ಹಿಡಿದೇ ಹೊರಗೆ ಓಡಿದೆ. ಕಟ್ಟೆಯ ಮೇಲೆ ಇಬ್ಬರು ಹೆಂಗಸರು ತಾಮ್ರದ ಹಂಡೆಯನ್ನು ಆ ಕಡೆ ಈ ಕಡೆ ಜಗ್ಗುತ್ತಿದ್ದರು. ಅದೇ ಹೊತ್ತಿಗೆ ವಿನುತಾ, ಪುಣೆಯ ಓದುಗರು ಮಾತಾಡಬೇಕಂತೆ ಎಂದು ರಜಿಯಾಳನ್ನು ಪರದೆಗೆ ಕರೆತಂದರು. ಅವಳ ಹಿಂದೆ ಅರ್ಧ ಕಟ್ಟಿದ ಗೋಡೆ ಕಾಣುತ್ತಿತ್ತು.

"ಸಾಹೇಬ್ರ, ನನ್ನ ಭಾಂಡಿ ಬೀದಿಗಿ ಹ್ಯಾಂಗ ಬಂದವ್ರಿ?"

ನಾನು ಬಾಯಿ ತೆರೆಯುವ ಮೊದಲೇ ಹಂಡೆ ಕೈ ಜಾರಿ ಕೆಳಗೆ ಬಿತ್ತು. ನೀರೆಲ್ಲ ಬೀದಿಗೆ ಹರಿಯಿತು. ಜಗಳ ಅಲ್ಲೇ ನಿಂತಿತು. ಆ ನೀರು ಮಣ್ಣಿನಲ್ಲಿ ಇಂಗುವುದನ್ನು ಎಲ್ಲರೂ ನೋಡುತ್ತ ನಿಂತರು, ಟ್ಯಾಂಕರಿನವನೂ ಪೈಪು ಹಿಡಿದು ನೋಡಿದ.

"ಅದು ಅಮ್ಮೀ ಕೊಟ್ಟ ಹಂಡೆ," ಎಂದಳು ರಜಿಯಾ. "ಇಲ್ಲಿ ತಂದ್ರ ಕಳೀತದ ಅಂತ ಬಿಟ್ಟು ಬಂದಿದ್ದೆ. ನಿಮ್ಮ ಮ್ಯಾಲ ಭರೋಸಾ ಇತ್ರಿ."

ನನಗೆ ಆಗ ನಿಜಕ್ಕೂ ನಾಚಿಕೆಯಾಯಿತು. ಹಾಗೆಂದು ಒಪ್ಪಿಕೊಳ್ಳುವುದೆಂದರೆ ಇನ್ನೂ ನಾಚಿಕೆಯಾದ್ದರಿಂದ ಟ್ಯಾಂಕರಿನವನನ್ನು ಬೈದೆ.

ಶಾಂತಾ ಬಂದು ಹಂಡೆ ಎತ್ತಿದಳು. ಮಗ್ಗುಲಲ್ಲಿ ಒಂದು ತಗ್ಗು ಬಿದ್ದಿತ್ತು. ಉಳಿದ ಪಾತ್ರೆಗಳ ನೀರನ್ನು ಓಣಿಯವರ ಕೊಡಗಳಿಗೆ ಸುರಿದು, ಒಂದೊಂದನ್ನೂ ಸೆರಗಿನಿಂದ ಒರೆಸಿ ಫೋನಿಗೆ ತೋರಿಸಿದಳು. "ನೋಡವ್ವ ರಜಿಯಾ, ಎಲ್ಲಾ ಅವ. ಹಂಡೆ ನಾ ರಿಪೇರಿ ಮಾಡಸ್ತೇನಿ." ಬಳಗದವರೆಲ್ಲ ಇದನ್ನು ಕಣ್ಣು ಒದ್ದೆ ಮಾಡಿಕೊಂಡು ನೋಡಿದರಂತೆ. ನನ್ನ ಕಾದಂಬರಿಯ ಬಗ್ಗೆ ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ!

ಸಂಜೆ ಪ್ರಬುದ್ಧ ಓದುಗ ಬರೆದ: "ನನ್ನ ಮಾತು ಹಿಂತೆಗೆದುಕೊಳ್ಳುತ್ತೇನೆ. ಲೇಖಕರು ಎ.ಸಿ. ಕೋಣೆಯಲ್ಲಿ ಕೂತು ಬರೆದಿಲ್ಲ. ಬೇರೆಯವರ ಕೋಣೆಯಲ್ಲಿ ಕೂತು ಬರೆದಿದ್ದಾರೆ." ಅದಕ್ಕೆ ಬಿದ್ದ ಮೆಚ್ಚುಗೆಗಳು ನನ್ನ ಇಡೀ ಸಾಹಿತ್ಯಕ್ಕೆ ಬಿದ್ದಿರಲಿಲ್ಲ. ಬಳಗ ಬೇರೆಯವರ ಪುಸ್ತಕವನ್ನು ಆರಿಸಿತು. ಹೋಗಲಿ ಎನ್ನಬಹುದು. ಆದರೆ ಪುಣೆ, ಹೈದರಾಬಾದಿನಿಂದ ಒಂದರ ಹಿಂದೆ ಒಂದು ಫೋನುಗಳು ಬಂದವು. ಎಲ್ಲರದೂ ಒಂದೇ ಮಾತು: "ಸಾಹೇಬ್ರ, ತಪ್ಪು ತಿಳೀಬ್ಯಾಡ್ರಿ. ಕೀಲಿ ಶಾಂತಾ ವೈನಿ ಕಡಿ ಇರ್ಲಿ." ಇಡೀ ಓಣಿಯ ಕೀಲಿ ಕಾಯುವ ಧೀರನ ಕಥೆ ಬರೆದವನ ಕೈಯಿಂದ ಕೀಲಿಗೊಂಚಲು ಹೋಯಿತು.

ಪ್ರಕಾಶಕರು ಮಾತ್ರ ಕೊಟ್ಟ ಮಾತು ತಪ್ಪಲಿಲ್ಲ. ಗಂಟುಗಳು ಬಂದಿಳಿದವು. ನಮ್ಮ ಮನೆಯಲ್ಲಿ ಡ್ರಮ್ಮುಗಳು ಜಾಗ ಬಿಡಲಿಲ್ಲ. ಶಾಂತಾ ಪುಣೆಗೆ ಫೋನ್ ಮಾಡಿ ಕೇಳಿದ್ದಕ್ಕೆ ರಜಿಯಾ ದೊಡ್ಡ ಮನಸ್ಸು ಮಾಡಿ, ನನ್ನ ಪುಸ್ತಕಗಳೂ ಈ ಗಂಟುಗಳೂ ತನ್ನ ಮನೆಯ ಒಂದು ಮೂಲೆಯಲ್ಲಿರಲಿ ಎಂದಳು. ಒಂದೇ ಷರತ್ತು. ನಾನು ಒಳಗೆ ಹೋಗುವಾಗ ವಿಡಿಯೋ ಕಾಲ್ ಚಾಲೂ ಇರಬೇಕು!

ಹೀಗಾಗಿ ಪುಸ್ತಕಗಳ ಬಗ್ಗೆ ನಾನು ಈಗ ಆನ್‌ಲೈನಿನಲ್ಲಿ ಮಾತಾಡುವುದು ರಜಿಯಾಳ ಜೊತೆ ಮಾತ್ರ. ಶಾಂತಾ ಬಾಗಿಲು ತೆರೆದು ಫೋನ್ ಹಿಡಿಯುತ್ತಾಳೆ. ನಾನು ಪುಸ್ತಕವನ್ನು ಎತ್ತಿ ಕ್ಯಾಮೆರಾಕ್ಕೆ ತೋರಿಸುತ್ತೇನೆ.

"ಮೊನ್ನಿ ಒಯ್ದಿದ್ದು ತಂದಿರೇನ್ರಿ?" ಎಂದಳು ಒಂದು ದಿನ.

"ತಂದೇನಿ."

"ಪೂರಾ ಓದಿರೇನು?"

ಬಳಗದಲ್ಲಿ ಇಷ್ಟು ವರ್ಷ ಯಾರೂ ಕೇಳದಿದ್ದ ಪ್ರಶ್ನೆ. "ಅರ್ಧ" ಎಂದೆ.

"ಹಂಗಾದ್ರ ಅದೇ ಓದ್ರಿ. ಹೊಸಾದು ಯಾಕ ಒಯ್ತೀರಿ?" ಎಂದವಳು ಫೋನನ್ನು ಮೂಲೆಗೆ ತಿರುಗಿಸಲು ಹೇಳಿದಳು. "ವೈನಿ, ಆ ಕಾದಂಬರಿ ಗಂಟು ಭಾಳ ಜಾಗಾ ಹಿಡ್ದಾವ್ರಿ. ಹೊರಗ ಕಟ್ಟಿ ಮ್ಯಾಲ ಇಡ್ರಿ. ಅವಕ್ಕ ಕೀಲಿ ಬ್ಯಾಡ."

ಅಪಮಾನದಿಂದ ಕುದಿಯುತ್ತ ಅವತ್ತೇ ಹೊರಗಿಟ್ಟೆ. ಕಳುವಾದರೆ ಅವಳೇ ಜವಾಬ್ದಾರಳು ಎಂದು ಕೂಗಿ ಹೇಳಿದೆ. ಗಂಟುಗಳ ಹಗ್ಗವನ್ನೂ ಬಿಚ್ಚಿಟ್ಟೆ. ತಿಂಗಳ ಮೇಲಾಯಿತು, ಒಂದೇ ಒಂದು ಪ್ರತಿ ಕಳುವಾಗಿಲ್ಲ. ಎಂಥ ಊರಿದು!