ಉಲ್ಕೆ ಬಿದ್ದಷ್ಟೇ ಮಾತು

ಆ ಮನೆಯ ಗಂಡ ಒಂದು ವಾಕ್ಯ ಮುಗಿಸುವಷ್ಟರಲ್ಲಿ ಹೆಂಡತಿ ಒಂದು ಲಾರಿ ಟೊಮೆಟೊ ಹರಾಜು ಹಾಕಿ, ಕೈ ತೊಳೆದುಕೊಂಡು ಬಂದಿರುತ್ತಾಳೆ ಎಂದು ಅಕ್ಕಪಕ್ಕದವರು ಹೇಳಿಕೊಂಡು ನಗುತ್ತಿದ್ದರು. ಸುಳ್ಳೇನಲ್ಲ. ಗಂಡ ಜೀವಮಾನವೆಲ್ಲ ಮಕ್ಕಳಿಗೆ ಉಕ್ತಲೇಖನ ಬರೆಸಿದ ಮೇಷ್ಟ್ರು. ಮನೆಯಲ್ಲಿ ನೀರು ಕೇಳುವಾಗಲೂ ಪ್ರತಿ ಪದವನ್ನು ಎರಡೆರಡು ಸಲ ಹೇಳಿ, ಕೊನೆಗೆ ಪೂರ್ಣವಿರಾಮ ಇಡುವವರು. ಹೆಂಡತಿ ತರಕಾರಿ ಮಂಡಿಯಲ್ಲಿ ಹರಾಜು ಕೂಗುವವಳು. ಎಲ್ಲರ ಬಾಯಲ್ಲೂ ಹರಾಜಮ್ಮ.

ಅವತ್ತು ಬೆಳಿಗ್ಗೆ ಸಾಮಾನೆಲ್ಲ ಲಾರಿ ಸೇರಿತ್ತು. ಉಳಿದದ್ದು ಮೂಲೆಯ ಮೇಜು, ಅದರ ಮೇಲಿನ ಹವ್ಯಾಸಿ ರೇಡಿಯೊ, ತಾರಸಿಯ ಆಂಟೆನಾ, ಮತ್ತು ಕುರ್ಚಿ ಬಿಟ್ಟೇಳದ ಮೇಷ್ಟ್ರು.

ಹರಾಜಮ್ಮ: ಏಳ್ತೀರೋ, ಕುರ್ಚಿ ಸಮೇತ ಲಾರಿಗೆ ಏರಿಸ್ಲೋ?

ಮೇಷ್ಟ್ರು: ಒಂದು... ಒಂದು ಉಲ್ಕೆ... ಬೀಳ್ಲಿ ಕಣೇ.

ಹರಾಜಮ್ಮ: ಎಲ್ಲಿಗೆ? ನನ್ನ ತಲೆ ಮೇಲಾ?

ಡ್ರೈವರ್ (ಬಾಗಿಲಲ್ಲಿ ನಿಂತು): ಉಲ್ಕೆ ಅಂದ್ರೆ ಬೀಳೋ ಚುಕ್ಕಿನಾ ಸಾರ್? ಬಿಸಿಲು ಬಂತಲ್ಲ!

ಮೇಷ್ಟ್ರು: ಹಗಲಲ್ಲೂ ಬೀಳ್ತವಪ್ಪಾ, ಕಾಣಲ್ಲ ಅಷ್ಟೆ. ಬಿದ್ದಾಗ ಮೇಲೆ ಒಂದು ಗೆರೆ ಉರಿಯುತ್ತೆ. ನನ್ನ ಮಾತು ಅದಕ್ಕೆ ಬಡಿದು, ಪುಟಿದು, ಬೆಟ್ಟ ನದಿ ದಾಟಿ ದೂರದವರ ರೇಡಿಯೊಗೆ ಹೋಗುತ್ತೆ.

ಡ್ರೈವರ್: ಎಷ್ಟೊತ್ತಿರುತ್ತೆ ಆ ಗೆರೆ?

ಮೇಷ್ಟ್ರು: ಒಂದು ಕ್ಷಣ. ಎರಡು ಕ್ಷಣ ಇದ್ರೆ ನಮ್ಮ ಪುಣ್ಯ.

ಡ್ರೈವರ್: ಒಂದು ಫೋನ್ ಮಾಡಬಾರ್ದಾ ಸಾರ್?

ಮೇಷ್ಟ್ರು: ಬಸ್ಸಿದೆ ಅಂತ ಜನ ಬೆಟ್ಟ ಹತ್ತೋದು ಬಿಟ್ಟಿದ್ದಾರಾ?

ಹರಾಜಮ್ಮ: ಹತ್ತಿದೋರು ತುದಿ ನೋಡ್ತಾರೆ. ಇವರು ಎಷ್ಟೋ ವರ್ಷದಿಂದ ಬುಡದಲ್ಲೇ ನಿಂತು ನಮಸ್ಕಾರ ಹೊಡೀತಿದ್ದಾರೆ.

ಡ್ರೈವರ್: ಅಂಥದ್ದೇನು ಹೇಳ್ಬೇಕು ಸಾರ್ ಅವರಿಗೆ?

ಮೇಷ್ಟ್ರು: ಅವರ ಗುರುತು, ನನ್ನ ಗುರುತು, ಅಂದ್ರೆ ರೇಡಿಯೊದಲ್ಲಿ ನಮ್ಮ ಹೆಸರು, ಎಷ್ಟು ಚೆನ್ನಾಗಿ ಕೇಳಿಸ್ತು ಅನ್ನೋ ಅಂಕೆ. ಆಮೇಲೆ ಎರಡೂ ಕಡೆಯಿಂದ ‘ಮುಟ್ಟಿತು’ ಅನ್ನಬೇಕು. ಅದು ಬರದಿದ್ರೆ ಸಂಪರ್ಕ ಲೆಕ್ಕಕ್ಕಿಲ್ಲ.

ಡ್ರೈವರ್: ಅಷ್ಟೇನಾ? ಕಷ್ಟ ಸುಖ ಏನೂ ಇಲ್ವಾ?

ಹರಾಜಮ್ಮ: ಕಷ್ಟ ನಂಗೆ, ಸುಖ ಅವರಿಗೆ. ಹಂಚ್ಕೊಂಡಾಗಿದೆ.

ಅವರು ಹೋಗಲಿದ್ದ ಹೊಸ ಫ್ಲ್ಯಾಟಿನ ತಾರಸಿಯಲ್ಲಿ ಬಟ್ಟೆ ಒಣಹಾಕುವ ತಂತಿಗೇ ಅನುಮತಿಯಿಲ್ಲ, ಇನ್ನು ಆಂಟೆನಾದ ಮಾತೆಲ್ಲಿ! ಇವತ್ತು ಆ ‘ಮುಟ್ಟಿತು’ ಬರದಿದ್ದರೆ ಇನ್ನೆಂದೂ ಬರುವುದಿಲ್ಲ. ಮೊದಲೇ ಗೊತ್ತುಮಾಡಿಕೊಂಡಂತೆ ಒಂದು ನಿಮಿಷ ಇವರು ಮಾತಾಡುವ ಸರದಿ, ಮರುನಿಮಿಷ ದೂರದೂರಿನಲ್ಲಿ ಇದೇ ಹೊತ್ತಿಗೆ ಕೂತಿದ್ದ ಇನ್ನೊಬ್ಬ ಹವ್ಯಾಸಿಯದು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಮೈಕಿಗೆ ಬಾಗಿದರು.

ಮೇಷ್ಟ್ರು: ಮಾನ್ಯರೇ... ಮಾನ್ಯರೇ... ನಿಮ್ಮ ಧ್ವನಿಯು... ನಿಮ್ಮ ಧ್ವನಿಯು... ನಮಗೆ...

ನಿಮಿಷ ಮುಗಿಯಿತು. ರೇಡಿಯೊ ಸರ್ರೆಂದಿತು. ಸದ್ದಿನ ನಡುವಿಂದ ಅಷ್ಟೇ ನಿಧಾನದ ಗಂಡುದನಿಯೊಂದು ತಲೆ ಹಾಕಿತು: “ಮಾನ್ಯರೇ ಅನ್ನೋದು... ಕೇಳಿಸ್ತು... ಮುಂ—”

ಹರಾಜಮ್ಮ: ಸರಿಹೋಯ್ತು! ನೀವು ‘ಮಾನ್ಯರೇ’ ಅನ್ನೋದ್ರೊಳಗೆ ಚುಕ್ಕಿ ಸುಟ್ಟು ಬೂದಿ ಆಗಿರುತ್ತೆ. ಕೊಡ್ರೀ ಇಲ್ಲಿ ಅದನ್ನ.

ಮೇಷ್ಟ್ರು: ಪರವಾನಗಿ ಇರೋದು ನಂಗೆ!

ಹರಾಜಮ್ಮ: ನೀವು ಪಕ್ಕದಲ್ಲಿ ಕೂತಿದ್ರೆ ನಾನೂ ಮಾತಾಡಬಹುದು ಅಂತ ನೀವೇ ಹೇಳಿದ್ದು. ಹೇಳೋಕೆ ಅರ್ಧ ದಿನ ತಗೊಂಡ್ರಿ, ಮರೀತೀನಾ? ಸುಮ್ನೆ ಕೂತ್ಕೊಳ್ಳಿ.

ಮೈಕು ಕಸಿದುಕೊಂಡಳು. ಎರಡು ಗುರುತು, ಒಂದು ಅಂಕೆ, ಒಂದೇ ಉಸಿರು. ಮತ್ತೆ ಅದೇ, ಮತ್ತೆ ಅದೇ, ಜೋಳದ ಕಾಳು ಹುರಿದಂತೆ ಪಟಪಟ. ಕೊನೆಗೆ ಅಭ್ಯಾಸಬಲ ತಡೆಯಲಿಲ್ಲ: “ಮುಟ್ತಾ? ಒಂದ್ಸಲ! ಎರಡ್ಸಲ! ಮೂರ್ಸಲ!” ಡ್ರೈವರ್ ತನಗರಿವಿಲ್ಲದೆ ಕೈ ಎತ್ತಿಬಿಟ್ಟ.

ಹರಾಜಮ್ಮ: ಕೈ ಇಳಿಸಪ್ಪಾ, ನಿಂಗಲ್ಲ.

ರೇಡಿಯೊ ಸರ್ರೆನ್ನುತ್ತಲೇ ಇತ್ತು. ಇದ್ದಕ್ಕಿದ್ದಂತೆ ಒಂದು ಹೆಣ್ಣುದನಿ, ಗುಂಡು ಹಾರಿದ ಹಾಗೆ: “ಮುಟ್ಟಿತು ಮುಟ್ಟಿತು, ನಮ್ಮೋರ ಕೈಯಿಂದ ಮೈಕ್ ಕಿತ್ಕೊಂಡೆ, ನಿಮ್ಮೋರೂ ಹೀಗೇನಾ?” ಮತ್ತೆ ಸರ್ರ್.

ಮೇಷ್ಟ್ರು (ಎದ್ದು ನಿಂತು): ಬಂತು! ಈಗ ನಾವು ‘ಮುಟ್ಟಿತು’ ಅಂದ್ರೆ ಮುಗೀತು. ಅಷ್ಟೇ ಹೇಳು.

ಹರಾಜಮ್ಮ: ಅವಳು ಪ್ರಶ್ನೆ ಕೇಳಿದ್ದಾಳಲ್ರೀ?

ಮೇಷ್ಟ್ರು: ಅದು ನಿಯಮದಲ್ಲಿಲ್ಲ!

ಹರಾಜಮ್ಮ: ಒಬ್ಬ ಹೆಂಗಸು ಅಷ್ಟು ದೂರದಿಂದ ಗಂಡನ ವಿಷ್ಯ ಎತ್ತಿದ್ದಾಳೆ. ಉತ್ತರ ಕೊಡದೆ ಗಂಟುಮೂಟೆ ಕಟ್ಕೊಂಡು ಹೋಗೋಕೆ ನಂಗೇನು ಎದೆ ಕಲ್ಲಾ?

ಡ್ರೈವರ್: ಅಮ್ಮಾ, ಲಾರಿ...

ಹರಾಜಮ್ಮ: ಲಾರಿ ಎಲ್ಲಿಗೂ ಓಡಿಹೋಗಲ್ಲ, ಚುಕ್ಕಿ ಓಡುತ್ತೆ. ಸುಮ್ನಿರು!

ಯಾವ ಕ್ಷಣದಲ್ಲಿ ಗೆರೆ ಉರಿದೀತೋ ಯಾರಿಗೆ ಗೊತ್ತು? ಹಾಗಾಗಿ ನಿಮಿಷವಿಡೀ ಅದನ್ನೇ ಕೂಗಿದಳು: “ಮುಟ್ಟಿತು! ಹೌದಮ್ಮಾ, ಇವರೂ ಹೀಗೇ! ಆದ್ರೂ ಮಾರಾಟಕ್ಕಿಲ್ಲ! ಮುಟ್ಟಿತು! ಇವರೂ ಹೀಗೇ! ಮಾರಾಟಕ್ಕಿಲ್ಲ!” ಬೀದಿಯವರು ಕಿಟಕಿ ತೆರೆದರು. ಮೇಷ್ಟ್ರ ಕಿವಿ ಕೆಂಪಾಯಿತು.

ಮರುನಿಮಿಷ ಮೂವರೂ ರೇಡಿಯೊಗೆ ಕಿವಿಗೊಟ್ಟರು. ಸರ್ರ್... ಸರ್ರ್... ಆಮೇಲೆ ಅದೇ ಹೆಂಗಸಿನ ಬಾಯ್ತುಂಬ ನಗು: “ಮುಟ್ಟಿತು! ನಮ್ಮದೂ ಮಾರಾ—”

ಮೇಷ್ಟ್ರು ಸ್ವಿಚ್ಚು ಆರಿಸಿದರು. ಡ್ರೈವರ್ ಆಂಟೆನಾ ಬಿಚ್ಚಿ ತಂದ, ರೇಡಿಯೊ ಮೇಜುಗಳನ್ನೂ ಲಾರಿಗೆ ಏರಿಸಿದ. ಕುರ್ಚಿಯನ್ನು ಮಾತ್ರ ಮೇಷ್ಟ್ರೇ ಎತ್ತಿಕೊಂಡರು.

ಮೇಷ್ಟ್ರು: ಲೇ... ನಾನು ಮಾರಾಟಕ್ಕಿಲ್ಲ ಅಂದ್ಯಲ್ಲ...

ಹರಾಜಮ್ಮ: ಕೇಳಿಸ್ತಾ?

ಮೇಷ್ಟ್ರು: ಮುಟ್ಟಿತು.

ಒಂದೇ ಪದ, ಒಂದೇ ಸಲ.

ಹರಾಜಮ್ಮ: ಹಿಗ್ಗಬೇಡಿ. ಮಂಡಿಯಲ್ಲಿ ಗಿರಾಕಿ ಸಿಗದ ಮಾಲಿಗೆಲ್ಲ ಹಾಗೇ ಅನ್ನೋದು.

ಮೇಷ್ಟ್ರು ಕುರ್ಚಿಯನ್ನು ತಲೆಯ ಮೇಲೆ ಹೊತ್ತುಕೊಂಡು, ಅದರ ಕಾಲುಗಳ ನಡುವಿಂದ ನಗುತ್ತ, ಹೊಸ್ತಿಲು ದಾಟಿ ಆ ಮನೆಯಿಂದ ಕೊನೆಯ ಸಲ ಹೊರಟರು.